ಉಪ್ಪುನೀರಿನ ಅಕ್ವೇರಿಯಂ: ಹೊಸ ಮರಳನ್ನು ತೊಳೆಯಬೇಕಾ, ಕುದಿಸಬೇಕಾ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಉಪ್ಪುನೀರಿನ ಅಕ್ವೇರಿಯಂ ಇದೆ. ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ಈ ಬೇಸಿಗೆಯಲ್ಲಿ ಮದುವೆಗೆಂದು ಊರಿಗೆ ಹೋಗಿದ್ದೆವು. ಆಗ ಇಡೀ ದಿನ ಕರೆಂಟ್ ಇರಲಿಲ್ಲವಂತೆ. ಬಂದು ನೋಡಿದರೆ ಎರಡು ಕ್ಲೌನ್ ಮೀನು ಬಿಟ್ಟು ಉಳಿದದ್ದೆಲ್ಲ ಸತ್ತಿತ್ತು. ಅವೆರಡನ್ನು ಗೆಳೆಯರ ಟ್ಯಾಂಕಿಗೆ ಬಿಟ್ಟಿದ್ದೇನೆ. ಮರಳು ಕೆದಕಿದರೆ ಒಳಗೆಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಮತ್ತೆ ಶುರು ಮಾಡೋಣ ಎಂದು 20 ಕಿಲೋ ಒಣ ಅರಗೊನೈಟ್ ಮರಳು ತಂದಿದ್ದೇನೆ. ಅಂಗಡಿಯವರು ‘ತೊಳೆಯಲೇಬೇಡಿ, ಹಾಗೇ ಸುರಿಯಿರಿ’ ಅಂದರು. ಪರಿಚಯದವರೊಬ್ಬರು ‘ಮರಳು, ಕಲ್ಲು ಎರಡನ್ನೂ ಚೆನ್ನಾಗಿ ಕುದಿಸಿ’ ಅಂತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಕುದಿಸುವ ವಿಷಯವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಮೀನಿನ ಪ್ರಶ್ನೆ ಅಲ್ಲ, ನಿಮ್ಮ ಮನೆಯವರ ಪ್ರಶ್ನೆ. ಹಳೆಯ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ. ವರ್ಷಗಟ್ಟಲೆ ಟ್ಯಾಂಕಿನಲ್ಲಿದ್ದ ಕಲ್ಲಿನ ಸಂದಿಯಲ್ಲಿ ಜೋವಾಂಥಿಡ್ ಎಂಬ ಹೂವಿನಂಥ ಜೀವಿಗಳು ಅಂಟಿಕೊಂಡಿರಬಹುದು. ಅವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಕುದಿಸಿದರೂ ಅದು ಹಾಳಾಗುವುದಿಲ್ಲ. ಬದಲಿಗೆ ಹಬೆಯ ಜೊತೆ ಮನೆ ತುಂಬಾ ಹರಡುತ್ತದೆ. ಹೀಗೆ ಅಡುಗೆಮನೆಯಲ್ಲಿ ಕಲ್ಲು ಬೇಯಿಸಲು ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಕಲ್ಲನ್ನು ಉಜ್ಜುವಾಗಲೂ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಇನ್ನು ಹೊಸ ಮರಳನ್ನು ಕುದಿಸುವುದು ಸುಮ್ನೆ ಗ್ಯಾಸ್ ದಂಡ. ಒಣಗಿದ ಮರಳಿನಲ್ಲಿ ನೀವು ಕೊಲ್ಲಬೇಕಾದ್ದು ಏನೂ ಇಲ್ಲ.

ಅಂಗಡಿಯವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಅವರು ಹೇಳಿದ್ದು ಬೇರೆ ಮರಳಿನ ಮಾತು. ‘ಲೈವ್ ಸ್ಯಾಂಡ್’ ಎಂದು ಒದ್ದೆಯಾಗಿಯೇ ಪ್ಯಾಕೆಟ್‌ನಲ್ಲಿ ಬರುತ್ತದಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅದಕ್ಕೆ ದುಡ್ಡು ಕೊಟ್ಟಿರುವುದೇ ಆ ಬ್ಯಾಕ್ಟೀರಿಯಾಗೆ. ನಲ್ಲಿ ನೀರಿನಲ್ಲಿ ತೊಳೆದರೆ ಹೋಯಿತು. ನೀವು ತಂದಿರುವುದು ಒಣ ಮರಳು. ಅದನ್ನು ತೊಳೆಯಬೇಕು, ತೊಳೆಯದಿದ್ದರೆ ಟ್ಯಾಂಕ್ ಹಾಲಿನ ಪಾತ್ರೆಯ ಹಾಗೆ ಕಾಣುತ್ತದೆ.

ಆದರೆ ನಿಜ ಹೇಳಬೇಕೆಂದರೆ, ನಿಮ್ಮ ಪತ್ರ ಓದಿದಾಗ ನನಗೆ ಚಿಂತೆಯಾದದ್ದು ಹೊಸ ಮರಳಿನ ಬಗ್ಗೆ ಅಲ್ಲ, ಹಳೆಯದರ ಬಗ್ಗೆ. ಹೊಸ ಮರಳಿನ ದೂಳು ಎರಡು ದಿನ ನೀರನ್ನು ಮಬ್ಬು ಮಾಡುತ್ತದೆ, ಅಷ್ಟೆ. ಹಳೆಯ ಮರಳಿನ ಕೊಳೆ ಮೀನನ್ನೇ ಕೊಲ್ಲುತ್ತದೆ. ಆದರೂ ಹೆಚ್ಚಿನವರು ಹೊಸದನ್ನು ದಿನವಿಡೀ ತೊಳೆಯುತ್ತಾರೆ, ಹಳೆಯದನ್ನು ಅರ್ಧ ತೆಗೆದು ಅದರ ಮೇಲೇ ಹೊಸದು ಸುರಿಯುತ್ತಾರೆ.

ಆ ಕಪ್ಪು ಏನು ಗೊತ್ತಾ? ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಮರಳಿನ ತಳಕ್ಕೆ ಇಳಿಯುತ್ತದೆ. ಅಲ್ಲಿಗೆ ಆಮ್ಲಜನಕ ಹೋಗುವುದಿಲ್ಲ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಧಾರಾಳವಾಗಿದೆ. ಗಾಳಿ ಇಲ್ಲದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆ ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅದು ಕಬ್ಬಿಣದ ಅಂಶದ ಜೊತೆ ಸೇರಿದಾಗ ಮರಳು ಕಪ್ಪಾಗುತ್ತದೆ. ಎಲ್ಲ ಸರಿ ಇದ್ದಾಗ ಇದು ತಳದಲ್ಲೇ ಇರುತ್ತದೆ. ಕರೆಂಟ್ ಹೋಗಿ ಪಂಪ್ ನಿಂತು, ಮೇಲೆ ಸತ್ತ ಮೀನೂ ಕೊಳೆಯಲು ಶುರುವಾದರೆ ಮರಳೆಲ್ಲ ಹಾಗೇ ಆಗುತ್ತದೆ. ನಿಮ್ಮಲ್ಲಿ ಆದದ್ದು ಅದೇ.

ಹಾಗಾಗಿ ಹಳೆಯ ಮರಳು ಒಂದು ಹಿಡಿಯೂ ಉಳಿಯದ ಹಾಗೆ ತೆಗೆಯಿರಿ. ಕಿಟಕಿ ತೆಗೆದಿಡಿ, ಫ್ಯಾನ್ ಹಾಕಿ. ಮೊದಲು ಕಲ್ಲುಗಳನ್ನು ಎತ್ತಿ. ಆಮೇಲೆ ಪೈಪಿನಿಂದ ನೀರು ಹೊರಗೆ ಬಿಡಿ. ಕೊನೆಗೆ ಪ್ಲಾಸ್ಟಿಕ್ ಮೊರದಿಂದ ಮರಳನ್ನು ಗೋರಿ ತೆಗೆಯಿರಿ. ಗಾಜನ್ನು ಬರೀ ನೀರಿನಿಂದ ತೊಳೆಯಿರಿ, ಸೋಪು ಬೇಡ. ಅಂಚಿನಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿದ್ದರೆ ವಿನೆಗರ್ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ. ಮೂಲೆಯ ಸಿಲಿಕೋನ್‌ಗೆ ಬ್ಲೇಡ್ ತಾಗಿಸಬೇಡಿ.

ಹಳೆಯದನ್ನೇ ತೊಳೆದು ಬಳಸಬಹುದಲ್ವಾ ಎಂದು ಮನಸ್ಸು ಹೇಳುತ್ತದೆ. ಕೊಟ್ಟ ದುಡ್ಡು ನೆನಪಾಗುತ್ತದೆ. ನಾನೂ ಒಮ್ಮೆ ಹಾಗೆ ಮಾಡಿದೆ. ತಾರಸಿಯ ಮೇಲೆ ಒಣಗಿಸಿ, ಬೆಳ್ಳಗಾಯಿತು ಎಂದು ಖುಷಿಪಟ್ಟು ಮತ್ತೆ ಹಾಕಿದೆ. ಆರು ತಿಂಗಳು ಪಾಚಿಯ ಜೊತೆ ಜಗಳ. ಕಾರಣ ಆಮೇಲೆ ಅರ್ಥವಾಯಿತು. ಅರಗೊನೈಟ್ ಎಂದರೆ ಒಂದು ಬಗೆಯ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಿನಲ್ಲಿರುವ ಫಾಸ್ಫೇಟನ್ನು ತನ್ನ ಮೇಲೆ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದರೆ ಕಣ್ಣಿಗೆ ಕಾಣುವ ಕೊಳೆ ಹೋಗುತ್ತದೆ, ಫಾಸ್ಫೇಟ್ ಹೋಗುವುದಿಲ್ಲ. ಹೊಸ ನೀರು ಬಿದ್ದ ಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಬಿಸಾಡಿ. ಆದರೆ ಅದನ್ನಾಗಲಿ, ಟ್ಯಾಂಕಿನ ಉಪ್ಪುನೀರನ್ನಾಗಲಿ ದಾಸವಾಳದ ಬುಡಕ್ಕೆ ಹಾಕಬೇಡಿ.

ಈಗ ಹೊಸ ಮರಳು. ತೊಳೆಯುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು ಚಮಚ ಮರಳಿನ ಮೇಲೆ ನಿಂಬೆರಸ ಹಿಂಡಿ. ನಿಜವಾದ ಅರಗೊನೈಟ್ ಆದರೆ ಗುಳ್ಳೆ ಏಳುತ್ತದೆ. ನಿಂಬೆರಸ ಬಿದ್ದರೆ ಮಾರ್ಬಲ್ ನೆಲದ ಹೊಳಪು ಹೋಗುವುದೂ ಇದೇ ಕಾರಣಕ್ಕೆ. ಗುಳ್ಳೆಯೇ ಬಾರದಿದ್ದರೆ ಬೆಣಚುಕಲ್ಲಿನ (ಕ್ವಾರ್ಟ್ಜ್) ಪುಡಿಯನ್ನು ನಿಮಗೆ ಅರಗೊನೈಟ್ ಎಂದು ಮಾರಿದ್ದಾರೆ. ಎರಡನೆಯದು, ಆಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಮರಳಿನಲ್ಲಿ ಆಡಿಸಿ. ಕಬ್ಬಿಣದ ಚೂರು ಇದ್ದರೆ ಅಂಟಿಕೊಳ್ಳುತ್ತದೆ.

ತೊಳೆಯುವುದು ಅಕ್ಕಿ ತೊಳೆದ ಹಾಗೇ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಸೋಪು ಸೋಕದ ಬಕೆಟ್‌ನಲ್ಲಿ ಮೂರು ಕಿಲೋ ಮರಳು, ಅದಕ್ಕೆ ಐದು ಲೀಟರ್ ನೀರು. ಕೈ ಹಾಕಿ ತಳದಿಂದ ಕಲಕಿ, ಎರಡು ಮೂರು ಸೆಕೆಂಡ್ ಬಿಟ್ಟು, ಮೇಲಿನ ನೀರು ಬಗ್ಗಿಸಿ. ಮೊದಲ ನೀರು ಹಾಲಿನ ಹಾಗೆ ಇರುತ್ತದೆ, ಮೂರನೆಯದು ನೀರುಮಜ್ಜಿಗೆ, ಐದನೆಯದು ಅಕ್ಕಿ ತೊಳೆದ ನೀರು. ಅಲ್ಲಿಗೆ ನಿಲ್ಲಿಸಿ. ಗಾಜಿನಂತೆ ತಿಳಿಯಾಗಲಿ ಎಂದು ಕಾಯಬೇಡಿ, ಆಗುವುದೇ ಇಲ್ಲ. ಅರಗೊನೈಟ್ ಮೆತ್ತನೆಯ ಖನಿಜ. ಕಲಕಿದಷ್ಟೂ ಕಾಳಿಗೆ ಕಾಳು ಉಜ್ಜಿ ಹೊಸ ಪುಡಿ ಹುಟ್ಟುತ್ತಲೇ ಇರುತ್ತದೆ. ಐದು ಸಲ ತೊಳೆದರೇ ಇಪ್ಪತ್ತು ಕಿಲೋಗೆ ನೂರೈವತ್ತು ಲೀಟರ್ ನೀರಿನ ಮೇಲೆ ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದವರ ಮುಂದೆ ಹತ್ತು ಸಲ ತೊಳೆಯಿರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಈ ನೀರಿನಲ್ಲಿ ಉಪ್ಪಿಲ್ಲ, ಅಂಗಳಕ್ಕೆ ಚೆಲ್ಲಬಹುದು. ಬಚ್ಚಲ ಪೈಪಿಗೆ ಮಾತ್ರ ಬಿಡಬೇಡಿ, ಪುಡಿಯೆಲ್ಲ ಬಾಗಿದ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ.

ತೊಳೆಯಲು ನಲ್ಲಿ ನೀರು ಸಾಕು. ಕೊನೆಯ ಒಂದು ಸಲ ಮಾತ್ರ ಆರ್‌ಒ ನೀರಿನಲ್ಲಿ ಜಾಲಿಸಿ, ಕ್ಲೋರಿನ್ ಹೋಗಲಿ. ಇನ್ನೊಂದು ಸಣ್ಣ ವಿಷಯ. ಎಷ್ಟು ಬಸಿದರೂ ಇಪ್ಪತ್ತು ಕಿಲೋ ಮರಳಿನಲ್ಲಿ ನಾಲ್ಕೈದು ಲೀಟರ್ ಸಿಹಿನೀರು ಉಳಿದುಬಿಡಬಹುದು. ಹಾಗಾಗಿ ಟ್ಯಾಂಕಿನ ಉಪ್ಪಿನಂಶ ನೀವು ಡ್ರಮ್ಮಿನಲ್ಲಿ ಅಳೆದದ್ದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಗಾಬರಿ ಬೇಡ. ಮರಳು ಹಾಕಿದ ಮರುದಿನ ಮತ್ತೆ ಅಳೆದು ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 1.025ಕ್ಕೆ ತನ್ನಿ.

ನಿಮ್ಮ ಟ್ಯಾಂಕಿನ ಅಳತೆಗೆ 20 ಕಿಲೋ ಹಾಕಿದರೆ ಮೂರು ಸೆಂಟಿಮೀಟರ್‌ಗೆ ತುಸು ಜಾಸ್ತಿ ಆಳ ಬರುತ್ತದೆ. ಅಷ್ಟು ಸಾಕು, ಚಂದ ಕಾಣಲಿ ಎಂದು ಇನ್ನೊಂದು ಚೀಲ ತರಬೇಡಿ. ಹತ್ತು ಸೆಂ.ಮೀ.ಗಿಂತ ಆಳದ ಮರಳು ಹಾಕಿ ತಳದ ಬ್ಯಾಕ್ಟೀರಿಯಾದಿಂದ ನೈಟ್ರೇಟ್ ಇಳಿಸುವ ಪದ್ಧತಿ ಒಂದಿದೆ. ಅದು ಬೇರೆಯೇ ಲೆಕ್ಕ, ತಾಳ್ಮೆ ಬೇಕು. ಆರೇಳು ಸೆಂ.ಮೀ. ಎಂಬ ನಡುವಿನ ಆಳ ನನಗೆ ಹಿಡಿಸುವುದಿಲ್ಲ. ಶುಚಿ ಮಾಡಲೂ ಆಗದು, ಆ ಕೆಲಸಕ್ಕೂ ಬಾರದು.

ಮರಳು ಹಾಕುವ ಮೊದಲು ಕಲ್ಲು ಕೂರಿಸಿ, ನೇರವಾಗಿ ಗಾಜಿನ ಮೇಲೆ. ಮರಳಿನ ಮೇಲೆ ಕಲ್ಲು ಇಟ್ಟರೆ ಮುಂದೊಂದು ದಿನ ಗೋಬಿ ಮೀನೋ ಪಿಸ್ತೂಲ್ ಸೀಗಡಿಯೋ ಅಡಿಯಲ್ಲಿ ಬಿಲ ತೋಡುತ್ತದೆ, ಕಲ್ಲು ಉರುಳುತ್ತದೆ. ಆದರೆ ನಿಮ್ಮ ಕಲ್ಲು ಈಗಲೇ ಹಾಕುವ ಸ್ಥಿತಿಯಲ್ಲಿಲ್ಲ. ಅದರ ಸಂದಿಯಲ್ಲೂ ಸತ್ತದ್ದು ಇರುತ್ತದೆ. ಉಪ್ಪುನೀರಿನಲ್ಲೇ ಬ್ರಷ್‌ನಿಂದ ಉಜ್ಜಿ, ಬೇರೆ ಟಬ್‌ನಲ್ಲಿ ಉಪ್ಪುನೀರು, ಪಂಪ್ ಜೊತೆ ಇಡಿ. ವಾರಕ್ಕೊಮ್ಮೆ ನೀರು ಬದಲಿಸಿ. ಕೊಳೆತದ್ದರಿಂದ ಬರುವ ಅಮೋನಿಯಾ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಟ್ಯಾಂಕಿಗೆ ತನ್ನಿ. ಮರಳು ಅಲ್ಲಿಯವರೆಗೆ ಚೀಲದಲ್ಲೇ ಇದ್ದರೆ ನಷ್ಟವೇನಿಲ್ಲ.

ಉಪ್ಪನ್ನು ಡ್ರಮ್ಮಿನಲ್ಲೇ ಪೂರ್ತಿ ಕರಗಿಸಿ. ಮರಳಿನ ಮೇಲೆ ಒಂದು ಊಟದ ತಟ್ಟೆ ಇಟ್ಟು ಅದರ ಮೇಲೆ ನೀರು ಬೀಳಲಿ. ಆದರೂ ನೀರು ಮಬ್ಬಾಗುತ್ತದೆ. ಫಿಲ್ಟರ್‌ನಲ್ಲಿ ಬಿಳಿ ಫಿಲ್ಟರ್ ವುಲ್ ಇಟ್ಟು, ಅದು ಗಟ್ಟಿಯಾದಾಗ ಬದಲಿಸಿ. ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಆಗ ಬೇಡ. ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ.

ತಿಳಿಯಾಯಿತು ಎಂದು ಅವತ್ತೇ ಮೀನು ಬಿಡಬೇಡಿ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಈ ಹೊಸ ಮರಳಿನಲ್ಲಿ ಇಲ್ಲ. ಹಾಲಿಗೆ ಹೆಪ್ಪು ಹಾಕುವ ಹಾಗೆ ಅದಕ್ಕೂ ಹೆಪ್ಪು ಬೇಕು. ನಿಮ್ಮ ಕ್ಲೌನ್ ಮೀನು ಇರುವ ಗೆಳೆಯರ ಟ್ಯಾಂಕ್ ಆರೋಗ್ಯವಾಗಿದ್ದರೆ ಅಲ್ಲಿಂದ ಮೇಲ್ಪದರದ ಮರಳು ಒಂದು ಲೋಟ ತಂದು ಹರಡಿ. ಆಮೇಲೆ ಆ ಬ್ಯಾಕ್ಟೀರಿಯಾಗೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಮಾಡಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕ್ ತಯಾರು. ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಟಬ್‌ನಲ್ಲಿ ಹದವಾದ ಕಲ್ಲು, ಒಳ್ಳೆಯ ಹೆಪ್ಪು ಇದ್ದರೆ ಬೇಗ. ಸಮುದ್ರದ ನೀರಿನ ಪಿಎಚ್ ಜಾಸ್ತಿ ಇರುವುದರಿಂದ ಅಲ್ಲಿ ಅಮೋನಿಯಾದ ವಿಷವೂ ಜಾಸ್ತಿ. ಸಿಹಿನೀರಿನ ಟ್ಯಾಂಕಿನಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ಹಾಂ, ಅರಗೊನೈಟ್ ಹಾಕಿದರೆ ಪಿಎಚ್ ತಾನಾಗಿಯೇ 8.2ರಲ್ಲಿ ನಿಲ್ಲುತ್ತದೆ ಎಂದೂ ಅಂಗಡಿಯಲ್ಲಿ ಹೇಳಿರಬಹುದು. ಅದನ್ನು ನಂಬಬೇಡಿ. ಆ ಮಟ್ಟದಲ್ಲಿ ಅದು ಕರಗುವುದೇ ಅಪರೂಪ. ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಪರೀಕ್ಷೆ ಬಿಡಬೇಡಿ. ಮತ್ತೆ, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ತಂದಿಡಿ. ಕರೆಂಟ್ ಹೋದ ತಕ್ಷಣ ತಾನೇ ಶುರುವಾಗುವಂಥದ್ದು ಸಿಗುತ್ತದೆ. ಮುಂದಿನ ಮದುವೆಗೂ ಹೋಗಬೇಕಲ್ಲ.

ಪ್ರಶ್ನೆ: ನಮ್ಮದು ಕರಾವಳಿ. ಇಷ್ಟು ಹತ್ತಿರ ಸಮುದ್ರ ಇಟ್ಟುಕೊಂಡು ಮರಳಿಗೆ ದುಡ್ಡು ಕೊಡಬೇಕಾ? ಇಲ್ಲವಾದರೆ ಎಂ ಸ್ಯಾಂಡ್ ತೊಳೆದು ಹಾಕಿದರೆ ಆಗುತ್ತದಾ?
— ಓದುಗರೊಬ್ಬರು, ಉಡುಪಿ

ಉತ್ತರ: ಎಂ ಸ್ಯಾಂಡ್ ಬೇಡವೇ ಬೇಡ. ಅದು ಗ್ರಾನೈಟ್ ಒಡೆದ ಪುಡಿ. ಅಂಚು ಚೂಪು, ಮರಳಿನಲ್ಲಿ ಮೈ ಹೊಕ್ಕಿಸುವ ಮೀನಿಗೆ ಗೀರುತ್ತದೆ.

ಮಲ್ಪೆ, ಕಾಪು ಕಡೆಯ ಮರಳಿಗೂ ನಿಂಬೆರಸ ಹಿಂಡಿ ನೋಡಿ. ಚಿಪ್ಪಿನ ಚೂರು ಇದ್ದಲ್ಲಿ ಮಾತ್ರ ಗುಳ್ಳೆ ಬರುತ್ತದೆ. ಉಳಿದದ್ದು ಹೆಚ್ಚಾಗಿ ಕ್ವಾರ್ಟ್ಜ್, ಘಟ್ಟದಿಂದ ಹೊಳೆಗಳು ತಂದದ್ದು. ನಡುನಡುವೆ ಕಪ್ಪು ಗೆರೆಯಾಗಿ ಕಾಣುವುದು ಇಲ್ಮೆನೈಟ್‌ನಂಥ ಭಾರದ ಖನಿಜ. ಕಾರವಾರದ ಹತ್ತಿರ ತಿಳ್ಮಾತಿಯಲ್ಲಂತೂ ಎಳ್ಳು ಸುರಿದ ಹಾಗೆ ಮರಳೇ ಕಪ್ಪು. ಲಕ್ಷದ್ವೀಪದ ಬಿಳಿ ಮರಳಿನ ಕಥೆ ಬೇರೆ. ಅದು ಹವಳ, ಚಿಪ್ಪುಗಳ ಪುಡಿ. ಅದರಲ್ಲಿ ಗಿಳಿಮೀನು ಹವಳದ ಕಲ್ಲು ಕಚ್ಚಿ, ಅರೆದು, ಹಿಂದಿನಿಂದ ಬಿಟ್ಟದ್ದೂ ಸೇರಿದೆ. ಜನ ಅದರ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುತ್ತಾರೆ, ಇರಲಿ.

ಕ್ವಾರ್ಟ್ಜ್ ಮರಳು ಮೀನಿಗೆ ವಿಷವಲ್ಲ. ತೊಂದರೆ ಅದರ ಜೊತೆ ಬರುವುದರದ್ದು: ದೋಣಿಯ ಎಣ್ಣೆ, ಪ್ಲಾಸ್ಟಿಕ್ ಚೂರು, ಕೊಳಚೆ. ಅದಲ್ಲದೆ ಕಾನೂನೂ ಇದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಅಲ್ಲಿ ಮರಳು ಗಣಿಗಾರಿಕೆ ನಿಷೇಧಿಸಿದೆ. ನಿಮ್ಮ ಒಂದು ಬಕೆಟ್ ಗಣಿಗಾರಿಕೆ ಅಲ್ಲ ಎಂದು ನೀವು ವಾದಿಸಬಹುದು, ನಾನು ವಾದಿಸಲು ಬರುವುದಿಲ್ಲ. ಹವಳದ ವಿಷಯದಲ್ಲಿ ಅಷ್ಟೂ ವಾದವಿಲ್ಲ. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೇ, ರಕ್ಷಣೆ ಇದೆ. ನೇತ್ರಾಣಿಗೆ ಡೈವಿಂಗ್‌ಗೆ ಹೋದಾಗ ಬಿದ್ದ ಚೂರು ಸಿಕ್ಕರೂ ಜೇಬಿಗೆ ಹಾಕಬೇಡಿ.

ಪ್ರಶ್ನೆ: ಹೊಸ ಮರಳು ಹಾಕಿ ಮೂರು ವಾರವಾಯಿತು. ಈಗ ಅದರ ಮೇಲೆ ಕಂದು ಪುಡಿ ಕೂತಿದೆ. ಮರಳು ತೆಗೆದು ಮತ್ತೆ ತೊಳೆಯಲಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತೆಗೆಯಬೇಡಿ. ಅದು ಡಯಾಟಮ್, ಒಂದು ಬಗೆಯ ಸೂಕ್ಷ್ಮ ಪಾಚಿ. ನೀರಿನಲ್ಲಿರುವ ಸಿಲಿಕೇಟ್ ಬಳಸಿ ಬೆಳೆಯುತ್ತದೆ. ಹೊಸ ಟ್ಯಾಂಕುಗಳಲ್ಲಿ ಬಹುತೇಕ ಎಲ್ಲರಿಗೂ ಬರುತ್ತದೆ, ಕೆಲವು ವಾರಗಳಲ್ಲಿ ಹೋಗುತ್ತದೆ. ಆರ್‌ಒ ನೀರನ್ನೇ ಬಳಸಿ, ದೀಪ ದಿನಕ್ಕೆ ಏಳೆಂಟು ಗಂಟೆಗೆ ಇಳಿಸಿ, ಪಾಚಿ ತಿನ್ನುವ ಸಮುದ್ರದ ಬಸವನಹುಳು ಎರಡು ಮೂರು ಬಿಡಿ. ಪುಡಿಯ ಬದಲು ದಾರದಂತೆ ಲೋಳೆ, ಅದರಲ್ಲಿ ಗಾಳಿಗುಳ್ಳೆ ಕಂಡರೆ ಅದು ಡೈನೋಫ್ಲಾಜೆಲೇಟ್ ಎಂಬ ಬೇರೆ ಸೂಕ್ಷ್ಮಜೀವಿ ಇರಬಹುದು, ಅದಕ್ಕೆ ಮದ್ದು ಬೇರೆ. ಹಾಗೇನಾದರೂ ಆದರೆ ಫೋಟೊ ತೆಗೆದು ಮತ್ತೊಮ್ಮೆ ಬರೆಯಿರಿ. ಫೋಟೊವನ್ನು ನೀಲಿ ದೀಪದಲ್ಲಿ ಬೇಡ, ಬಿಳಿ ದೀಪದಲ್ಲಿ ತೆಗೆಯಿರಿ.