ಅಜ್ಜನ ಕಿರ್ದಿಯಲ್ಲಿ ಎಷ್ಟು ಮೀನು?

ಮಿರ್ಗದ ಮಳೆ ಹಿಡಿಯುತ್ತಿದ್ದಂತೆ ಹಳ್ಳ, ಹೊಳೆ ಮೀನಿನ ಬಗ್ಗೆ ಪತ್ರಗಳು ಬರುತ್ತವೆ. ಮುಕ್ಕಾಲು ಪಾಲು ಹೋದ ವರ್ಷದ್ದೇ ಪ್ರಶ್ನೆ. ಈ ಸಲ ಒಂದಕ್ಕೆ ಮಾತ್ರ ಸಾವಧಾನವಾಗಿ ಉತ್ತರ ಕೊಡ್ತೇನೆ.

ಪ್ರಶ್ನೆ: ನಮ್ಮಜ್ಜನ ಕಿರ್ದಿ (ದಿನದ ಲೆಕ್ಕದ) ಪುಸ್ತಕ ಸಿಕ್ಕಿದೆ. 1958ರ ಜೂನ್‌ನಲ್ಲಿ ‘ಹತ್ತುಮೀನು, ಕೂಣಿ 2, ಬುಟ್ಟಿ ತುಂಬ’ ಅಂತ ಬರೆದಿದ್ದಾರೆ (ಹತ್ತುಮೀನು ಅಂದರೆ ಮಳೆಗೆ ಹಳ್ಳ ಹತ್ತಿ ಬರುವ ಮೀನು, ಕೂಣಿ ಅಂದರೆ ಹರಿಯುವ ನೀರಿಗೆ ಇಟ್ಟು ಮೀನು ಹಿಡಿಯುವ ಬೋನು). ಹೋದ ವರ್ಷ ಅದೇ ಹಳ್ಳಕ್ಕೆ ನಾವು 6 ಕೂಣಿ ಇಟ್ಟೆವು, ಅರ್ಧ ಬುಟ್ಟಿ ಬಂತು. ಮೀನು ಅರ್ಧಕ್ಕೆ ಇಳಿದಿದೆ ಅನ್ನಬಹುದಾ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಅರ್ಧ ಎಲ್ಲಿಂದ ಬಂತು? ನೀವೇ ಬರೆದಿದ್ದನ್ನು ಇನ್ನೊಮ್ಮೆ ಓದಿ. ಅಜ್ಜನಿಗೆ ಕೂಣಿಗೆ ಅರ್ಧ ಬುಟ್ಟಿ ಸಿಕ್ಕಿತ್ತು. ನಿಮಗೆ ಕೂಣಿಗೆ ಬುಟ್ಟಿಯ ಹನ್ನೆರಡನೇ ಒಂದು ಪಾಲು. ಅಂದರೆ ಇಳಿದಿರುವುದು ಆರನೇ ಒಂದು ಪಾಲಿಗೆ. ಎಷ್ಟು ಸಿಕ್ಕಿತು ಅಂತ ಎಲ್ಲರೂ ಹೇಳ್ತಾರೆ, ಎಷ್ಟು ಒದ್ದಾಡಿದ್ದಕ್ಕೆ ಸಿಕ್ಕಿತು ಅಂತ ಯಾರೂ ಹೇಳಲ್ಲ. ನಿಮ್ಮಜ್ಜ ಹೇಳಿದ್ದಾರೆ. ಆ ‘ಕೂಣಿ 2’ ಇರುವುದರಿಂದಲೇ ಆ ಸಾಲಿಗೆ ಬೆಲೆ.

ಅಮೆರಿಕದ ಬೆವರ್ಲಿ ಊರಿನ ಹಾಯಿದೋಣಿಗಳವರು 1850ರ ದಶಕದಲ್ಲಿ ಇದೇ ಥರ ದಿನದ ಲೆಕ್ಕ ಬರೆದಿಟ್ಟಿದ್ದರು. ಯಾವ ಜಾಗ, ಗಾಳ ಹಾಕಿದವರಿಗೆ ಎಷ್ಟೆಷ್ಟು ಕಾಡ್ ಮೀನು, ಎಲ್ಲ. ಅದನ್ನೇ ಹಿಡಿದು ಲೆಕ್ಕ ಹಾಕಿದ ವಿಜ್ಞಾನಿಗಳು 2005ರಲ್ಲಿ ಹೇಳಿದ್ದು ಇದು: ಕೆನಡಾದ ಪೂರ್ವಕ್ಕಿರುವ ಸ್ಕೋಶಿಯನ್ ಶೆಲ್ಫ್ ಕಡಲಲ್ಲಿ 1852ರಲ್ಲಿ ಸುಮಾರು 12.6 ಲಕ್ಷ ಟನ್ ಕಾಡ್ ಇತ್ತು, ಅವರು ಲೆಕ್ಕ ಹಾಕುವ ಹೊತ್ತಿಗೆ 50 ಸಾವಿರ ಟನ್ನೂ ಇರಲಿಲ್ಲ.

ಹಾಗಂತ ನೀವು ಈಗಲೇ ‘ಆರನೇ ಒಂದು’ ಅಂತ ಡಂಗುರ ಹೊಡೆಯಬೇಡಿ. ನಿಮ್ಮ ಹತ್ತಿರ ಇರುವುದು ಎರಡು ರಾತ್ರಿ ಅಷ್ಟೇ. ಕೂಣಿ ಖಾಲಿ ಬಂದ ದಿನವನ್ನೂ ಅಜ್ಜ ಬರೆದಿದ್ದಾರಾ? ಬರೆದಿಲ್ಲ ಅಂದರೆ ಅವರ ಪುಸ್ತಕದಲ್ಲಿ ಇರುವುದು ಬರೀ ಹಬ್ಬದ ದಿನಗಳು. ಬುಟ್ಟಿ ಯಾವುದು? ಗೊಬ್ಬರ ಹೊರುವ ಬುಟ್ಟಿನಾ, ಅಡಿಕೆ ಬುಟ್ಟಿನಾ? ಹತ್ತುಮೀನು ಅನ್ನುವುದು ಒಂದು ಜಾತಿಯ ಹೆಸರೂ ಅಲ್ಲ, ಮೊದಲ ಮಳೆಗೆ ಮೊಟ್ಟೆ ಇಡಲು ಮೇಲೆ ಹತ್ತುವ ಎಲ್ಲವೂ ಹತ್ತುಮೀನೇ. ಇನ್ನೊಂದು, ಹಳ್ಳದ ಮೇಲಿನ ಗದ್ದೆ ಈಗ ಅಡಿಕೆ ತೋಟ ಆಗಿದೆಯಾ? ಆಗಿದ್ದರೆ ಮೀನು ಹತ್ತಿ ಹೋಗುವುದಾದರೂ ಎಲ್ಲಿಗೆ? ಅದೇ ಪುಸ್ತಕದಲ್ಲಿ ಗದ್ದೆಯ ಕೂಲಿ ಬರೆಯುವುದು ಯಾವಾಗ ನಿಂತಿತು ಅಂತ ನೋಡಿ, ಗೊತ್ತಾಗುತ್ತೆ.

ಪುಸ್ತಕಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಖಾಲಿ ಹಾಳೆ ಸಮೇತ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆಯಿರಿ. ‘ಎರಡು ದಿನ ಕೊಡಿ, ವಾಪಸ್ ತಂದುಕೊಡ್ತೀನಿ’ ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ. ನಾನು ಹಾಗೆ ಕೊಟ್ಟ ಒಂದು ಪುಸ್ತಕ ಹನ್ನೊಂದು ವರ್ಷವಾದರೂ ಬಂದಿಲ್ಲ.

ಪ್ರಶ್ನೆ: ಮೀನು ಉತ್ಪಾದನೆ ಜಾಸ್ತಿ ಆಗಿದೆ ಅಂತ ಪೇಪರಿನಲ್ಲಿ ಬರುತ್ತಲ್ಲ?

ಉತ್ತರ: ಅದು ಟನ್ ಲೆಕ್ಕ. ಕಾಟ್ಲಾ, ರೋಹು ಗಂಗೆಯ ಕಡೆಯ ಮೀನು. 1957ರಲ್ಲಿ ಚುಚ್ಚುಮದ್ದು ಕೊಟ್ಟು ಇಂಥ ಗೆಂಡೆ ಮೀನುಗಳ ಮರಿ ಮಾಡಿಸುವ ವಿದ್ಯೆ ಕೈಗೆ ಬಂದ ಮೇಲೆ ಕೆರೆ, ಡ್ಯಾಮುಗಳಿಗೆ ಸುರಿದಿದ್ದೇ ಸುರಿದಿದ್ದು. ತಕ್ಕಡಿಗೆ ಜಾತಿ ಗೊತ್ತಾಗಲ್ಲ.

ಪ್ರಶ್ನೆ: ಶೃಂಗೇರಿಯಲ್ಲಿ ಮೀನು ಗಿಜಿಗುಡುತ್ತವೆ. ತುಂಗೆಯಲ್ಲಿ ಕಡಿಮೆ ಅಂದರೆ ನಂಬೋದು ಹೇಗೆ?

ಉತ್ತರ: ಊಟದ ಪಂಕ್ತಿ ನೋಡಿ ಊರಿನ ಜನಸಂಖ್ಯೆ ಹೇಳ್ತೀರಾ?

ಪ್ರಶ್ನೆ: ಮೀನಿಗೆ ತೋಟೆ (ಸಿಡಿಮದ್ದು) ಹೊಡೆಯೋದು, ನಂಜು ಹಾಕೋದು ಎಲ್ಲ ಈಗಿನ ಹುಡುಗರ ಕೆಲಸ ಅಲ್ವಾ?

ಉತ್ತರ: ಎರಡನ್ನೂ ನಿಷೇಧಿಸಿದ ಕಾನೂನು ಬಂದಿದ್ದು 1897ರಲ್ಲಿ. ಯಾರೂ ಮಾಡದೇ ಇದ್ದದ್ದಕ್ಕೆ ಸುಮ್ನೆ ಕಾನೂನು ಮಾಡ್ತಾರಾ?

ಪ್ರಶ್ನೆ: ಹೊಳೆಗೆ ಹಾಕಿದರೆ ನಾಟಿ ಮೀನು ವಾಪಸ್ ಬರುವ ಪುಡಿ ಅಂತ ಒಬ್ಬರು ಮಾರ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಹರಿಯುವ ನೀರಿಗೆ ಪುಡಿ ಹಾಕಿದರೆ ಅದು ಸಂಜೆಯೊಳಗೆ ಮುಂದಿನ ಊರಿನಲ್ಲಿರುತ್ತೆ. ಮಾರಿದವನೂ ಅಷ್ಟೇ.