‘ಸಭಾಪತಿ’ಗೆ ನಾಲ್ಕು ಪುಟವೇಕೆ?

ದಾವಣಗೆರೆಯ ಪಿ.ಜೆ. ಬಡಾವಣೆಯ ನಿವೃತ್ತ ಉಪಾಧ್ಯಾಯರೊಬ್ಬರು ಬರೆದಿದ್ದಾರೆ: ಯಜಮಾನನೂ ದಡ್ಡ, ಆಳೂ ದಡ್ಡ ಎಂಬುದನ್ನು ಬಿಟ್ಟರೆ ಕಥೆಯೇ ಇಲ್ಲದ 1941ರ ತಮಿಳು ಚಿತ್ರ ‘ಸಭಾಪತಿ’ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ, ನಮ್ಮ ‘ಸತಿ ಸುಲೋಚನ’ಕ್ಕೆ ಇಲ್ಲದ ಜಾಗ ನಮಗೆ ಪರಕೀಯವಾದ ಅದಕ್ಕೇಕೆ?

ಉತ್ತರ: ಮೇಷ್ಟ್ರೇ, 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ನಟರಾದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಕೊಲ್ಹಾಪುರದವರೆಗೆ ಹೋಗಿ ದುಡಿದದ್ದಕ್ಕೆ ಕೈಮುಗಿಯಲೇಬೇಕು. ಆದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ನೋಡದ ನಟನೆಯನ್ನು ಹೊಗಳಿ ಪುಟ ತುಂಬಿಸುವ ಕಲೆ ನನಗೆ ಒಲಿದಿಲ್ಲ.

‘ಸಭಾಪತಿ’ ಇಂದಿಗೂ ನೋಡಲು ಸಿಗುತ್ತದೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುವ ಸಿರಿವಂತರ ಮಗ, ಅವನದೇ ಹೆಸರಿನ ಆಳು, ಆ ಮಗನಿಗೆ ಪಾಠ ಹೇಳಿಕೊಡುವ ಅವನ ಓದಿದ ಹೆಂಡತಿ. ಕಥೆ ಇಷ್ಟೇ ನಿಜ. ಆದರೆ ಯಜಮಾನನ ಪಾತ್ರದ ಟಿ.ಆರ್. ರಾಮಚಂದ್ರನ್ ಆ ದೊಡ್ಡ ಕಣ್ಣುಗಳನ್ನು ಅರಳಿಸಿ ಏನೂ ತಿಳಿಯದೆ ನಿಂತಾಗ, ಪಕ್ಕದಲ್ಲಿ ಆಳಿನ ಪಾತ್ರದ ಕಾಳಿ ಎನ್. ರತ್ನಂ ಎಲ್ಲವನ್ನೂ ಬಲ್ಲವನ ಗತ್ತಿನಲ್ಲಿರುತ್ತಾರೆ. ಇಬ್ಬರೂ ನಾಟಕ ಕಂಪನಿಗಳಲ್ಲಿ ಪಳಗಿದವರು. ರತ್ನಂ ಅವರಂತೂ ಎಂ.ಜಿ.ಆರ್. ಅವರಿಗೇ ಕಂಪನಿಯಲ್ಲಿ ಪಾಠ ಹೇಳಿದ ವಾಧ್ಯಾರರು. ಸಭೆಯ ನಗು ಇಳಿಯುವವರೆಗೆ ಮುಂದಿನ ಮಾತನ್ನು ತಡೆದು ಹಿಡಿಯುವ ಆ ಹದವನ್ನು ದಾವಣಗೆರೆಯ ನಾಟಕದ ಡೇರೆಯಲ್ಲಿ ಮಂಡಕ್ಕಿ ಮೆಲ್ಲುತ್ತ ಕುಳಿತವರಿಗೆ ನಾನು ವಿವರಿಸಬೇಕೇ?

ಇನ್ನು, ಅದು ನಮಗೆ ಪರಕೀಯ ಎಂದಿರಲ್ಲ, ಚಿತ್ರಕ್ಕೆ ಮೂಲವಾದ ನಗೆನಾಟಕವನ್ನು ಬರೆದ ಪಮ್ಮಲ್ ಸಂಬಂಧ ಮೊದಲಿಯಾರರು 1891ರಲ್ಲಿ ಮದರಾಸಿನಲ್ಲಿ ಸುಗುಣ ವಿಲಾಸ ಸಭೆ ಕಟ್ಟಿದ್ದು ಯಾರನ್ನು ಕಂಡು ಗೊತ್ತೇ? ಅಲ್ಲಿಗೆ ಹೋಗಿ ಆಡಿದ ಬಳ್ಳಾರಿಯ ತಂಡವನ್ನು, ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆಯನ್ನು. ಆಡಿದ್ದು ತೆಲುಗಿನಲ್ಲಿ, ಇರಲಿ. ಹೊರಟದ್ದು ನಮ್ಮ ಪಕ್ಕದ ಊರಿನಿಂದ.

ನಮ್ಮ ಕಷ್ಟವೆಂದರೆ ಅತ್ತರೆ ಕಲೆ, ನಕ್ಕರೆ ಕಾಲಹರಣ ಎಂಬ ಹಳೆಯ ಲೆಕ್ಕಾಚಾರ. ಸತಿಯರ ಕಣ್ಣೀರಿಗೆ ಸನ್ಮಾನ, ಮನೆಮಂದಿಯೆಲ್ಲ ಕೂತು ನಕ್ಕ ನಾಟಕಕ್ಕೆ ‘ಹೊತ್ತು ಹೋಗಲು ಪರವಾಗಿಲ್ಲ’ ಎಂಬ ಷರಾ. ಡೇರೆಯ ಗಲ್ಲಾಪೆಟ್ಟಿಗೆ ತುಂಬಿಸಿದ ಹಾಸ್ಯನಟನ ಹೆಸರು ಕರಪತ್ರದಲ್ಲಿ ಕಟ್ಟಕಡೆಗೆ. ಚಿಂದೋಡಿಯವರ ಕೆ.ಬಿ.ಆರ್. ನಾಟಕ ಕಂಪನಿಯಿದ್ದ ಈ ಊರಿನಲ್ಲೇ, ಅಂಥ ನಟರು ರಂಗದ ಮೇಲೆ ನಿಂತ ನಿಲುವಿನಲ್ಲೇ ಕಟ್ಟಿದ ಮಾತುಗಳನ್ನು ಬರೆದಿಟ್ಟವರು ಎಷ್ಟು ಮಂದಿ? ಹಳಗನ್ನಡದ ಒಂದು ಪಾಠಾಂತರಕ್ಕೆ ವರ್ಷಗಟ್ಟಲೆ ಜಗಳವಾಡುವ ನಾವು ಇವರ ಬಾಯಿಮಾತನ್ನು ಗಾಳಿಗೆ ಬಿಟ್ಟೆವು.

ನಿಮ್ಮ ಅಕ್ಷರ ದುಂಡಗಿದೆ, ನೆನಪು ಚುರುಕಾಗಿದೆ. ಪೌರಾಣಿಕ ಚಿತ್ರಗಳ ಪರವಾಗಿ ವಾದಿಸುವ ಮೊದಲು ನೀವು ಡೇರೆಯಲ್ಲಿ ಕೇಳಿದ ಹಾಸ್ಯದ ಮಾತುಗಳನ್ನು ಬರೆದು ಕಳಿಸಿ, ಹೇಳಿದ ನಟರ ಹೆಸರಿನ ಸಮೇತ. ಅಚ್ಚು ಹಾಕಿಸುವ ಹೊಣೆ ನಮ್ಮದು.

— ಸಂ.