ಟೆಂಪ್ಲೇಟ್ ಮುರಿದವರ ಮೇಲಿನ ಸಿಟ್ಟು

ಪುಣೆಯ ಹಿಂಜೆವಾಡಿಯ ಐಟಿ ಕಚೇರಿಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವ ಕನ್ನಡಿಗರಲ್ಲಿ ಒಂದೇ ಬಗೆಯ ಸಿಟ್ಟು ಪದೇ ಪದೇ ಕಾಣುತ್ತಿದೆ: ‘ಎಲ್ಲರ ಅನುಕೂಲಕ್ಕೆಂದು ಮಾಡಿದೆ, ಯಾರೂ ಬಳಸುತ್ತಿಲ್ಲ.’ ಅಂಥವರೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಬದಲಿಸಿ ಬರೆಯುತ್ತಿದ್ದೇನೆ.

ವಿಜಯಪುರದ ಕಡೆಯವರು, ವಾಕಡ್‌ನಲ್ಲಿ ಮನೆ. ವಿಮೆಯ ಆ್ಯಪ್ ರೂಪಿಸುವ ತಂಡದಲ್ಲಿ ಡಿಸೈನರ್. ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ನೀಲಿ, ಒಂದೊಂದು ಅಳತೆಯ ಬಟನ್. ಇದಕ್ಕೆ ಬೇಸತ್ತು, ದಿನದ ಕೆಲಸದ ಜೊತೆಗೇ ಇವರು ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಡಿಸೈನ್ ಸಿಸ್ಟಮ್, ಅಂದರೆ ಎಲ್ಲರೂ ಬಳಸಬೇಕಾದ ಬಟನ್, ಬಣ್ಣಗಳ ಟೆಂಪ್ಲೇಟ್‌ಗಳ ಸಂಗ್ರಹ ಕಟ್ಟಿದರು. ಮೂಲ ಬಟನ್ ತಿದ್ದಿದರೆ ಅದರ ಪ್ರತಿಗಳೆಲ್ಲ ತಿದ್ದಿಕೊಳ್ಳಬೇಕು. ಸಹೋದ್ಯೋಗಿಗಳು ಮಾತ್ರ ಪ್ರತಿಯನ್ನು ‘ಡಿಟ್ಯಾಚ್’ ಮಾಡಿಬಿಡುತ್ತಿದ್ದರು. ಹಾಗೆ ಬೇರ್ಪಟ್ಟದ್ದಕ್ಕೆ ಮೂಲದ ತಿದ್ದುಪಡಿ ತಲುಪುವುದಿಲ್ಲ, ಆದ್ದರಿಂದ ಇವರ ಸಿಟ್ಟು ಬರೀ ಅಹಂಕಾರದ್ದಲ್ಲ. ಆದರೆ ರಾತ್ರಿ ಊಟದ ತಟ್ಟೆ ಬಿಟ್ಟೆದ್ದು ಫೈಲುಗಳನ್ನು ಜಾಲಾಡಿ ತಪ್ಪಿತಸ್ಥರನ್ನು ಹುಡುಕತೊಡಗಿದಾಗ ಹೆಂಡತಿ ನನ್ನ ಬಳಿಗೆ ಕಳುಹಿಸಿದರು.

ಮೊದಲ ಭೇಟಿಗಳೆಲ್ಲ ದೂರಿನಲ್ಲೇ ಕಳೆದವು. ಮುಂದಿನ ಸಲ ಲ್ಯಾಪ್‌ಟಾಪ್ ತರಲು ಹೇಳಿ, ‘ಅತಿ ಹೆಚ್ಚು ಮುರಿದಿರುವ ಟೆಂಪ್ಲೇಟ್ ತೋರಿಸಿ’ ಎಂದೆ. ಕ್ಲೇಮ್ ಅರ್ಜಿಯ ಬಟನ್ ತೋರಿಸಿದರು. ಮುರಿದದ್ದೆಲ್ಲ ಮರಾಠಿ ಪರದೆಗಳಲ್ಲೇ! ‘ಕ್ಲೇಮ್’ ಎಂಬ ಇಂಗ್ಲಿಷಿನ ಐದಕ್ಷರಕ್ಕೆ ಅಗಲವನ್ನೂ ಎತ್ತರವನ್ನೂ ಬಿಗಿಮಾಡಿದ್ದ ಚೌಕಟ್ಟಿನಲ್ಲಿ ‘ದಾವಾ ನೋಂದವಾ’ (ಕ್ಲೇಮ್ ದಾಖಲಿಸಿ) ಹಿಡಿಸುತ್ತಿರಲಿಲ್ಲ; ದೇವನಾಗರಿಯ ಮೇಲಿನ ಸ್ವರಚಿಹ್ನೆ, ಅನುಸ್ವಾರದ ಚುಕ್ಕೆ ಕತ್ತರಿಸಿಹೋಗುತ್ತಿದ್ದವು. ಕನ್ನಡಕ್ಕಾದರೆ ಒತ್ತಕ್ಷರದ ಕಾಲು ಕತ್ತರಿಸುತ್ತಿತ್ತು. ಕನ್ನಡಿಗರಾದ ಇವರಿಗೆ ಅದು ಹೊಳೆಯದಿದ್ದದ್ದು ನನಗೆ ಸೋಜಿಗವೇ.

‘ಮೇಡಂ, ಅವರು ನನಗೆ ಹೇಳಬಹುದಿತ್ತಲ್ಲ?’

‘ಹೇಳಿದ್ದರೆ ಏನು ಮಾಡುತ್ತಿದ್ದಿರಿ?’

ಬಹಳ ಹೊತ್ತು ಪರದೆ ನೋಡುತ್ತ ಕುಳಿತರು. ಆಮೇಲೆ, ‘ನಿಯಮದ ಪುಟದ ಲಿಂಕ್ ಕಳುಹಿಸುತ್ತಿದ್ದೆ’ ಎಂದು ತಾವೇ ನಕ್ಕುಬಿಟ್ಟರು.

ನಾನು ಕೊಟ್ಟ ಸಲಹೆ ಇಷ್ಟು: ರಾತ್ರಿಯ ತಪಾಸಣೆ ನಿಲ್ಲಿಸಿ. ಮುರಿದದ್ದು ಕಂಡರೆ ಟಿಪ್ಪಣಿ ಹಾಕುವ ಮೊದಲು ಆ ವ್ಯಕ್ತಿಯ ಮೇಜಿಗೆ ಹೋಗಿ, ‘ಎಲ್ಲಿ ತೊಡಕಾಯಿತು?’ ಎಂದು ಕೇಳಿ. ಮೂಲ ಮಾದರಿಯನ್ನು ತಿದ್ದುವ ಹಕ್ಕನ್ನು ಇನ್ನೊಬ್ಬರಿಗಾದರೂ ಕೊಡಿ. ಈ ಕೆಲಸಕ್ಕೆ ವಾರದಲ್ಲಿ ಇಷ್ಟು ಗಂಟೆ ಬೇಕೆಂದು ಮ್ಯಾನೇಜರ್‌ಗೆ ಬರೆದು ಕೊಡಿ.

‘ಕೆಲಸವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸವಿರಬೇಕೆಂದು ಪ್ರತಿ ಬಣ್ಣವನ್ನೂ ಅಳೆದು, ಮಂದದೃಷ್ಟಿಯವರಿಗೂ ಓದಲು ಬರುವಂತೆ ಮಾಡಿದ ಮನುಷ್ಯ ಅವರು. ಮನಸ್ಸಿಗೆ ಹಚ್ಚಿಕೊಳ್ಳದವರಿಂದ ಅದು ಆಗುವುದಿಲ್ಲ. ಕಚೇರಿಯ ಜಗಳದಲ್ಲಿ ಆಪ್ತಸಲಹೆಗಾರರು ಕೈಹಾಕಬಾರದು, ಬಾಲ್ಯವನ್ನು ಕೆದಕಬೇಕು ಎನ್ನುವ ವೃತ್ತಿಬಾಂಧವರಿದ್ದಾರೆ. ಅವಮಾನದ ಕಾರಣ ಪರದೆಯ ಮೇಲೆ ಕಣ್ಣೆದುರೇ ಇರುವಾಗ ಬಾಲ್ಯದವರೆಗೆ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಇನ್ನು, ಇಡೀ ತಂಡದ ಸಮಯ ಉಳಿಸುವ ಕೆಲಸವನ್ನು ಒಬ್ಬನ ಬಿಡುವಿನ ಹವ್ಯಾಸದಂತೆ ಕಾಣುವ ಮೇಲಧಿಕಾರಿಗಳನ್ನೂ ನಾನು ಸುಮ್ಮನೆ ಬಿಡಲಾರೆ. ಈ ಸಿಟ್ಟಿನ ಅರ್ಧ ಪಾಲು ಅವರದು.

ಮರಾಠಿ ಬಟನ್ ಈಗ ಅಕ್ಷರಕ್ಕೆ ತಕ್ಕಂತೆ ಹಿಗ್ಗುತ್ತದೆ. ವಾರಕ್ಕೆ ಕೆಲವು ಗಂಟೆಗಳ ಬೇಡಿಕೆಗೆ ಮ್ಯಾನೇಜರ್ ಇನ್ನೂ ಉತ್ತರಿಸಿಲ್ಲ. ಒಬ್ಬ ಸಹೋದ್ಯೋಗಿ ದಿನಾಂಕದ ಟೆಂಪ್ಲೇಟನ್ನು ಇಂದಿಗೂ ಡಿಟ್ಯಾಚ್ ಮಾಡುತ್ತಾರಂತೆ. ‘ಕಾರಣ ಕೇಳಿದಿರಾ?’ ಎಂದೆ. ‘ಅವರ ಜೊತೆ ಮಾತು ಬಿಟ್ಟಿದ್ದೇನೆ ಮೇಡಂ’ ಎಂದರು. ಮುಂದಿನ ಭೇಟಿಯೊಳಗೆ ಕೇಳಿಕೊಂಡು ಬರಲು ಹೇಳಿದ್ದೇನೆ.